ಕಂಠೀರವದಲ್ಲಿ ಗೇಣುದ್ದದ ದಾರ

ಬೆಂಗಳೂರಿನ ಹಡ್ಸನ್ ಸರ್ಕಲ್ಲಿನಲ್ಲಿ ಬಸ್ಸುಗಳ ಗಲಾಟೆ ಏರುವ ಹೊತ್ತಿಗೆ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಅರ್ಧ ಅಭ್ಯಾಸ ಮುಗಿದಿರುತ್ತದೆ. ಒಂದು ಕಾಲಕ್ಕೆ ಸಂಪಂಗಿ ಕೆರೆ ಇದ್ದ ಜಾಗವಿದು. 1997ರ ರಾಷ್ಟ್ರೀಯ ಕ್ರೀಡಾಕೂಟ ನಡೆದದ್ದೂ ಇಲ್ಲೇ. ಬೆಳಿಗ್ಗೆ ಟ್ರ್ಯಾಕಿನ ಅಂಚಿನಲ್ಲಿ ನಿಂತರೆ ಶಾಲಾ ಮಕ್ಕಳು, ಪೊಲೀಸ್ ಭರ್ತಿಗೆ ತಯಾರಾಗುವವರು, ಹೊಟ್ಟೆ ಕರಗಿಸಲು ಬಂದವರು ಎಲ್ಲರೂ ಕಾಣುತ್ತಾರೆ. ನನ್ನ ಕಣ್ಣು ನೆಟ್ಟಿದ್ದು ಮಾತ್ರ ಒಂದು ದಾರದ ಮೇಲೆ.

ಗೇಣುದ್ದದ ದಾರ, ಎರಡೂ ತುದಿಯಲ್ಲಿ ಕುಣಿಕೆ. ಒಂದು ಕುಣಿಕೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಹುಡುಗಿಯ ಬೆರಳಲ್ಲಿ, ಇನ್ನೊಂದು ಪಕ್ಕದಲ್ಲಿ ಓಡುವ ಗೈಡ್ ರನ್ನರ್ ಬೆರಳಲ್ಲಿ. ಅವಳ ಬಲಗಾಲು ಎದ್ದಾಗ ಅವನ ಎಡಗಾಲು ಏಳುತ್ತದೆ. ದಾರ ಹಿಡಿದ ಎರಡು ಕೈಗಳು ಒಟ್ಟಿಗೇ ಹಿಂದೆ ಮುಂದೆ ಆಡುತ್ತವೆ. "ಟರ್ನಿಂಗ್ ಬಂತು... ಎಡಕ್ಕೆ... ಇನ್ನೂ ಎಡಕ್ಕೆ... ಸ್ಟ್ರೇಟ್!" ಎನ್ನುತ್ತಾನೆ. "ಅಣ್ಣಾ, ಸ್ವಲ್ಪ ಬಿಡಿ, ಜೋರಾಗಿ ಹೋಗ್ತೀನಿ" ಎಂದು ಇವಳು.

ದೃಷ್ಟಿ ಪೂರ್ತಿ, ಇಲ್ಲವೇ ಬಹುಪಾಲು ಇಲ್ಲದವರ ಓಟದ ವರ್ಗಕ್ಕೆ ಟಿ11 ಎಂದು ಹೆಸರು. ಒಬ್ಬರಿಗೆ ಬೆಳಕಿನ ಸುಳಿವು ಸಿಕ್ಕು ಇನ್ನೊಬ್ಬರಿಗೆ ಸಿಗದಿರಬಹುದು ಎಂಬ ಕಾರಣಕ್ಕೆ ಎಲ್ಲರಿಗೂ ಕಣ್ಣುಪಟ್ಟಿ ಕಡ್ಡಾಯ. 100 ಮೀಟರಿನಲ್ಲಿ ಒಂದು ಜೋಡಿಗೆ ಎರಡು ಲೇನ್. ಹಾಗಾಗಿ ಎಂಟು ಲೇನಿನ ಟ್ರ್ಯಾಕಿನಲ್ಲಿ ಓಡುವುದು ನಾಲ್ಕೇ ಮಂದಿ ಸ್ಪರ್ಧಿಗಳು. ಗೈಡ್ ಆದವನು ಎಳೆಯುವಂತಿಲ್ಲ, ತಳ್ಳುವಂತಿಲ್ಲ, ಗೆರೆಯನ್ನು ಅವಳಿಗಿಂತ ಮೊದಲು ದಾಟುವಂತಿಲ್ಲ. ದಾಟಿದರೆ ಅವಳ ಓಟವೇ ರದ್ದು. ಸಹಾಯ ಮಾಡುವವನ ಮೇಲೆ ಇಷ್ಟು ಬಿಗಿ ಇರುವ ನಿಯಮವನ್ನು ನಾನು ಬೇರೆಲ್ಲೂ ಕಂಡಿಲ್ಲ. ನಮ್ಮ ಕಚೇರಿಗಳಲ್ಲೂ ಇದ್ದಿದ್ದರೆ! ಚಿಕ್ಕಮಗಳೂರು ಜಿಲ್ಲೆಯ ರಕ್ಷಿತಾ ರಾಜು 2018ರ ಜಕಾರ್ತ, 2023ರ ಹಾಂಗ್‌ಝೌ ಏಷ್ಯನ್ ಪ್ಯಾರಾ ಕೂಟಗಳೆರಡರಲ್ಲೂ 1500 ಮೀಟರ್ ಓಟದ ಚಿನ್ನ ತಂದದ್ದು ಹೀಗೆ ದಾರ ಹಿಡಿದೇ.

ಮೈದಾನದ ಒಳಬದಿಗೆ ಬಂದರೆ ನಿಂತು ಎಸೆಯಲಾಗದವರ ಗುಂಡೆಸೆತ. ಕಬ್ಬಿಣದ ಎತ್ತರದ ಕುರ್ಚಿಯನ್ನು ನಾಲ್ಕೂ ಕಡೆಯಿಂದ ಬೆಲ್ಟಿನಲ್ಲಿ ಬಿಗಿದು ನೆಲಕ್ಕೆ ಕಟ್ಟಿದ್ದಾರೆ. ಕುರ್ಚಿ ಸ್ವಲ್ಪ ಅಲುಗಿದರೂ ತೋಳಿನ ಶಕ್ತಿ ಪೋಲು. ಎಸೆಯುವಾಗ ಕೂತವರು ಸೀಟಿನಿಂದ ಮೇಲೆದ್ದರೆ ಫೌಲ್. "ಇದು ವೆಲ್ಡಿಂಗ್ ಅಂಗಡೀಲಿ ಮಾಡಿಸಿದ್ದು ಸರ್" ಎಂದರು ಬೆಲ್ಟ್ ಬಿಗಿಯುತ್ತಿದ್ದವರು.

ಸ್ಟಾರ್ಟಿಂಗ್ ಗೆರೆಯ ಹತ್ತಿರ ಕಿವುಡ ಹುಡುಗರ ಗುಂಪು, ಒಂದೇ ಸಮನೆ ಕೈಮಾತಿನ ಜಗಳ. ಇವರಿಗೆ ಕಾಲಿನದೂ ತೊಂದರೆಯಿಲ್ಲ, ಕಣ್ಣಿನದೂ ಇಲ್ಲ. ತೊಂದರೆ ಇರುವುದು ಪಿಸ್ತೂಲಿನದು. ಸದ್ದು ಕೇಳದವನು ಪಕ್ಕದವನು ಹೊರಟಿದ್ದನ್ನು ನೋಡಿ ಹೊರಡುತ್ತಾನೆ, ಅಷ್ಟರಲ್ಲಿ ನೂರು ಮೀಟರಿನ ಹಣೆಬರಹ ಬರೆದಾಗಿರುತ್ತದೆ. ಕಿವುಡರ ಜಾಗತಿಕ ಕೂಟವಾದ ಡೆಫ್ಲಿಂಪಿಕ್ಸ್‌ನಲ್ಲಿ ಓಟಗಾರನ ಕಣ್ಣಿಗೆ ಬೀಳುವಂತೆ ದೀಪ ಇಟ್ಟಿರುತ್ತಾರೆ. ಬಣ್ಣ ಬದಲಾದರೆ ಹೊರಡಬೇಕು. ಶ್ರವಣಯಂತ್ರ ತೆಗೆದಿಟ್ಟೇ ಎಲ್ಲರೂ ಓಡಬೇಕು. ಆ ಕೂಟ ಶುರುವಾದದ್ದು 1924ರಲ್ಲಿ, ಪ್ಯಾರಿಸ್ಸಿನಲ್ಲಿ. ಪ್ಯಾರಾಲಿಂಪಿಕ್ಸ್‌ಗಿಂತ ಎಷ್ಟೋ ಹಳೆಯದು, ಆದರೂ ಪತ್ರಿಕೆಗಳಲ್ಲಿ ಅದಕ್ಕೆ ಸಿಗುವುದು ಮೂಲೆ. ಇಲ್ಲಿ ದೀಪವಿಲ್ಲ. ಕೋಚ್ ಕೆಂಪು ಬಾವುಟ ಎತ್ತಿ, ಸಟ್ಟನೆ ಇಳಿಸುತ್ತಾರೆ. ಶಾಲಾ ಕ್ರೀಡಾಕೂಟಗಳಲ್ಲಿ ಅಷ್ಟಾದರೂ ಮಾಡಲು ಏನು ಖರ್ಚು?

ಆಚೆ ಲಾಂಗ್ ಜಂಪ್ ಗುಂಡಿಯ ಬಳಿ ಒಬ್ಬರು ಚಪ್ಪಾಳೆ ತಟ್ಟಿ ಅಂಧ ಜಿಗಿತಗಾರನನ್ನು ಕರೆಯುತ್ತಿದ್ದರು. ಆ ಚಪ್ಪಾಳೆ ಕೇಳಬೇಕಾದರೆ ಸುತ್ತಲಿನವರು ಬಾಯಿ ಮುಚ್ಚಬೇಕು. ಮೊಬೈಲಿನಲ್ಲಿ ಹಾಡು ಹಾಕಿಕೊಂಡು ವಾಕಿಂಗ್ ಬಂದವರಿಗೆ ಅದು ತಿಳಿದ ಹಾಗಿರಲಿಲ್ಲ.

ದಾರದ ಹುಡುಗಿ ನೀರು ಕುಡಿಯಲು ಕೂತಾಗ ಅವಳ ಕೋಚ್ ಹತ್ತಿರ ಕೇಳಿದೆ, ದೊಡ್ಡ ಕೊರತೆ ಯಾವುದು?

"ಗೈಡ್‌ಗಳದ್ದೇ ಸರ್. ಅವಳಿಗಿಂತ ಜೋರಾಗಿ ಓಡಬೇಕು, ಓಡ್ತಾ ಮಾತೂ ಆಡಬೇಕು, ದಿನಾ ಬರಬೇಕು. ಅಷ್ಟು ಜೋರಾಗಿ ಓಡೋನು ತನ್ನ ಮೆಡಲ್ ಬಿಟ್ಟು ಯಾಕೆ ಬರ್ತಾನೆ ಹೇಳಿ?" ಆಮೇಲೆ ನನ್ನ ಶೂ ನೋಡಿ, "ನೀವೂ ಓಡ್ತೀರಾ? 1500 ಎಷ್ಟರಲ್ಲಿ ಮಾಡ್ತೀರಿ?"

ಹೇಳಿದೆ. ಹುಡುಗಿ ಬಾಯಲ್ಲಿದ್ದ ನೀರು ಉಗುಳಿ ನಕ್ಕಳು.