ಕಾಡಿಲ್ಲದ ಸೀಮೆಗೆ ರಕ್ಷಿತ ಪದರ ಏಕೆ?

‘ಬಸವಕಲ್ಯಾಣ, ಹುಮನಾಬಾದ್ ಕಡೆ ಕಾಡೆಲ್ಲಿದೆ? ಅಲ್ಲಿಗೆ ರಕ್ಷಿತ ಪ್ರದೇಶದ ನಕ್ಷೆ ಮಾಡುವುದು ವ್ಯರ್ಥ.’ ಭೂಬಳಕೆಯ ಮುನ್ನೋಟ ಸಿದ್ಧಪಡಿಸಲು ಕುಳಿತವರಲ್ಲಿ ಈ ನಂಬಿಕೆ ಗಟ್ಟಿಯಾಗಿದೆ. ಅದನ್ನು ನಂಬಿ ನಕ್ಷೆಯ ಆ ಪದರವನ್ನು ಖಾಲಿ ಬಿಟ್ಟರೆ, ಕಂಪ್ಯೂಟರಿನ ಲೆಕ್ಕದಲ್ಲಿ ಜಲಸಂಗ್ವಿಯ ಗುಡಿಯ ಅಂಗಳವೂ ಬಸವಕಲ್ಯಾಣದ ಕೋಟೆಯೊಳಗಿನ ಬಯಲೂ ಸೈಟುಗಳಾಗಬಹುದು.

ಮುನ್ನೋಟದ ಕೆಲಸ ಸರಳವಾಗಿ ಇಷ್ಟು: ಎರಡು ಹಳೆಯ ವರ್ಷಗಳ ಉಪಗ್ರಹ ಚಿತ್ರಗಳನ್ನು ಹೋಲಿಸಿ ಯಾವ ಹೊಲ ಬಡಾವಣೆಯಾಯಿತು, ಯಾವ ಕುರುಚಲು ಹೊಲವಾಯಿತು ಎಂದು ಗುರುತಿಸುವುದು; ಇಳಿಜಾರು, ರಸ್ತೆಯ ದೂರ ಮುಂತಾದವನ್ನು ಸೇರಿಸಿ ಮುಂದಿನ ಇಪ್ಪತ್ತು ವರ್ಷಗಳನ್ನು ಊಹಿಸುವುದು. ಪುಣೆ–ಹೈದರಾಬಾದ್ ಹೆದ್ದಾರಿ, 2017ರಲ್ಲಿ ಪೂರ್ಣಗೊಂಡ ಬೀದರ್–ಕಲಬುರಗಿ ರೈಲು ಮಾರ್ಗ, ಹುಮನಾಬಾದಿನ ಕೈಗಾರಿಕಾ ಪ್ರದೇಶ ಇವೆಲ್ಲ ಇಲ್ಲಿ ಭೂಮಿಯನ್ನು ಬದಲಾವಣೆಯ ಕಡೆಗೆ ಎಳೆಯುತ್ತಿವೆ. ‘ಇಲ್ಲಿ ಕೂಡದು’ ಎಂದು ತಡೆಯುವುದು ರಕ್ಷಿತ ಪದರವೊಂದೇ.

ರಕ್ಷಣೆ ಎಂದರೆ ಅಭಯಾರಣ್ಯ ಮಾತ್ರ ಎಂಬುದೇ ಮೊದಲ ತಪ್ಪು. 1958ರ ಕೇಂದ್ರ ಸ್ಮಾರಕ ಕಾಯ್ದೆಗೆ 2010ರಲ್ಲಿ ಬಂದ ತಿದ್ದುಪಡಿಯಂತೆ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆಯ 200 ಮೀಟರ್ ನಿಯಂತ್ರಿತ. ರಾಜ್ಯದ ಪಟ್ಟಿಯಲ್ಲಿರುವ ಸ್ಮಾರಕಕ್ಕೆ 1961ರ ಕರ್ನಾಟಕ ಕಾಯ್ದೆ ಬೇರೆಯೇ ಇದೆ. ಯಾವುದು ಯಾರ ಪಟ್ಟಿಯಲ್ಲಿದೆ ಎಂದು ನೋಡದೆ ಉಂಗುರ ಎಳೆಯಬಾರದು. ಊರ ದನ ಮೇಯುವ ಗಾಯರಾಣಕ್ಕೆ ಭೂಕಂದಾಯ ಕಾಯ್ದೆಯ 71ನೇ ಕಲಮಿನ ಆಸರೆಯಿದೆ. ತಾಲ್ಲೂಕಿನ ಗಡಿಗೇ ನಕ್ಷೆಯನ್ನು ಕತ್ತರಿಸಿದರೆ ನೆರೆಯ ಕಲಬುರಗಿ ಜಿಲ್ಲೆಯ ಚಿಂಚೋಳಿ ವನ್ಯಜೀವಿ ಧಾಮ, ಅಂದರೆ 134.88 ಚದರ ಕಿಲೋಮೀಟರ್, ಲೆಕ್ಕದಿಂದಲೇ ಬಿದ್ದುಹೋಗುತ್ತದೆ. ಚಿಟಗುಪ್ಪ, ಹುಲಸೂರು ಬೇರೆ ತಾಲ್ಲೂಕುಗಳಾದ ಮೇಲೂ ಹಳೆಯ ಗಡಿಯ ಕಡತವನ್ನೇ ಬಳಸುವವರಿದ್ದಾರೆ. ಆ ಗಡಿ ಯಾವ ವರ್ಷದ್ದೆಂದು ಮೊದಲು ನೋಡಬೇಕು.

ಚಿತ್ರದಲ್ಲಿ ಹಸಿರಾಗಿ ಕಂಡದ್ದು ಅರಣ್ಯ ಎಂಬುದು ಇನ್ನೊಂದು ನಂಬಿಕೆ. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯ ‘ಅರಣ್ಯ ಹೊದಿಕೆ’ಯಲ್ಲಿ ಶೇ 10ಕ್ಕಿಂತ ಹೆಚ್ಚು ಮರದ ನೆರಳಿರುವ ಒಂದು ಹೆಕ್ಟೇರಿಗೂ ದೊಡ್ಡ ಜಾಗವೆಲ್ಲ ಸೇರುತ್ತದೆ, ಮಾವಿನ ತೋಪು ಸಹಿತ. ಒಡೆತನವನ್ನು ಅದು ಕೇಳುವುದಿಲ್ಲ. ಬೀದರಿನ ಕೆಂಪುಕಲ್ಲಿನ ಬಯಲಿನಲ್ಲಿ ಅಧಿಸೂಚಿತ ಅರಣ್ಯ ಬೇಸಿಗೆಯಲ್ಲಿ ಬರಡಾಗಿ ಕಾಣಬಹುದು, ಮಳೆಗಾಲದಲ್ಲಿ ಸೋಯಾ, ತೊಗರಿಯ ಹೊಲ ದಟ್ಟ ಹಸಿರಾಗಿರಬಹುದು. ಗಡಿ ಸಿಗುವುದು ಅಧಿಸೂಚನೆಯಲ್ಲಿ, ಗ್ರಾಮನಕ್ಷೆಯಲ್ಲಿ, ಸರ್ವೇ ನಂಬರಿನಲ್ಲಿ. ಅಲ್ಲಿಯೂ ಎಚ್ಚರ ಬೇಕು: 1963ರ ಕರ್ನಾಟಕ ಅರಣ್ಯ ಕಾಯ್ದೆಯ 4ನೇ ಕಲಮಿನದು ಬರೀ ಉದ್ದೇಶದ ಘೋಷಣೆ, 17ನೇ ಕಲಮಿನದು ಅಂತಿಮ. ನಕ್ಷೆಯಲ್ಲಿ ಎರಡಕ್ಕೂ ಒಂದೇ ಬಣ್ಣ ಹಾಕಿದರೆ ಮುನ್ನೋಟ ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಗಡಿ ಸರಿ ಇದ್ದರೆ ಕೆಲಸ ಮುಗಿಯಿತೇ? ಇಲ್ಲ. ಅದನ್ನು ಚೌಕಗಳಾಗಿ ಒಡೆಯುವಾಗ ಬಹಳಷ್ಟು ಕಳೆದುಹೋಗುತ್ತದೆ. ಲ್ಯಾಂಡ್‌ಸ್ಯಾಟ್ ಚಿತ್ರದ 30 ಮೀಟರ್ ಚೌಕವೊಂದು ಹತ್ತಿರ ಹತ್ತಿರ ಒಂಬತ್ತು ಗುಂಟೆ. ಚೌಕದ ನಡುಬಿಂದು ಗಡಿಯೊಳಗೆ ಬೀಳದಿದ್ದರೆ ಸಣ್ಣ ಗುಡಿಯೂ ಹಳ್ಳದ ಅಂಚಿನ ಪಟ್ಟಿಯೂ ಮಾಯ. ಸೆಂಟಿನೆಲ್-2ರ 10 ಮೀಟರ್ ಚೌಕ ಸುಮಾರು ಒಂದು ಗುಂಟೆ. ಪಹಣಿಯ ಲೆಕ್ಕಕ್ಕೆ ಅದೇ ಹೊಂದುತ್ತದೆ. ಅಳತೆ ಮೀಟರಿನಲ್ಲಿರಬೇಕಾದ್ದರಿಂದ ಈ ಸೀಮೆಗೆ ಯುಟಿಎಂ ನಕ್ಷಾ ಪದ್ಧತಿಯ 43ನೇ ವಲಯ ಬಳಸಬೇಕು. ಚೌಕದ ಗಾತ್ರ ಬದಲಿಸುವಾಗ ಸಮೀಪದ ಬೆಲೆಯನ್ನೇ ಉಳಿಸಿಕೊಳ್ಳಬೇಕು, ಸರಾಸರಿ ತೆಗೆಯಬಾರದು. ‘ಅರ್ಧ ಅರಣ್ಯ’ ಎಂಬ ಚೌಕ ಯಾವ ಅಧಿಸೂಚನೆಯಲ್ಲೂ ಇಲ್ಲ.

ಪದರದ ಚೌಕಗಳಿಗೆ ಕೊಡುವ ಅಂಕಿಯಲ್ಲಿ ಸೊನ್ನೆ ಎಂದರೆ ಎಲ್ಲ ಮಾದರಿಗಳಲ್ಲೂ ‘ತಡೆ’ ಎಂದುಕೊಳ್ಳುವವರು ಬಹಳ. ಫ್ಲಸ್ ಎಂಬ ಮಾದರಿಯಲ್ಲಿ 0 ಎಂದರೆ ಬದಲಾವಣೆ ನಿಷಿದ್ಧ, 1 ಎಂದರೆ ಮುಕ್ತ. ಸ್ಲೂತ್‌ ಎಂಬ ಇನ್ನೊಂದು ಮಾದರಿಯಲ್ಲಿ ಇದಕ್ಕೆ ತದ್ವಿರುದ್ಧ: 0 ಎಂದರೆ ಪೂರ್ತಿ ತೆರೆದ ಜಾಗ, 100 ಎಂದರೆ ಪೂರ್ತಿ ಮುಚ್ಚಿದ್ದು. ಒಂದಕ್ಕೆ ಮಾಡಿದ ಪದರವನ್ನು ಇನ್ನೊಂದಕ್ಕೆ ಕೊಟ್ಟರೆ ಮಾದರಿ ದೂರುವುದಿಲ್ಲ, ಧಾಮದೊಳಗೇ ಊರು ಕಟ್ಟುತ್ತದೆ. ಸ್ಲೂತ್‌ನ ನಡುವಿನ ಅಂಕಿಗಳು ನನಗೆ ಬಹಳ ಬೆಲೆಯುಳ್ಳವು. ಅಪ್ಪಣೆ ಪಡೆದು ಕಟ್ಟಬಹುದಾದ ಸ್ಮಾರಕದ ನಿಯಂತ್ರಿತ ವಲಯ, ಗಾಯರಾಣ ಇಂಥವಕ್ಕೆ ಪೂರ್ತಿ ಬೀಗವೂ ಸುಳ್ಳು, ಪೂರ್ತಿ ಬಯಲೂ ಸುಳ್ಳು. ಧಾಮಗಳ ಸುತ್ತ ಕಣ್ಣುಮುಚ್ಚಿ 1 ಕಿಲೋಮೀಟರ್ ಉಂಗುರ ಎಳೆಯುವುದೂ ಸರಿಯಲ್ಲ. 2022ರ ಜೂನ್ 3ರ ಸುಪ್ರೀಂ ಕೋರ್ಟ್ ಆದೇಶದ ಆ ಅಳತೆ, ಪರಿಸರ ಸೂಕ್ಷ್ಮ ವಲಯದ ಕರಡು ಅಥವಾ ಅಂತಿಮ ಅಧಿಸೂಚನೆ ಇರುವ ಕಡೆ ಅನ್ವಯಿಸದೆಂದು 2023ರ ಏಪ್ರಿಲ್ 26ರಂದು ಅದೇ ನ್ಯಾಯಾಲಯ ತಿದ್ದಿದೆ.

ರಕ್ಷಣೆಗೂ ಹುಟ್ಟಿದ ದಿನವಿದೆ. ಚಿಂಚೋಳಿ ಧಾಮವಾದದ್ದು 2011ರಲ್ಲಿ. 1990ರಿಂದ 2010ರವರೆಗಿನ ಬದಲಾವಣೆಯಿಂದ ಮಾದರಿಗೆ ಕಲಿಸುವಾಗ ಅದನ್ನು ‘ಧಾಮ’ ಎಂದು ಮುಚ್ಚಿದರೆ ಇಲ್ಲದ ಕಾನೂನನ್ನು ಕಲಿಸಿದಂತಾಗುತ್ತದೆ.

ಎಲ್ಲಕ್ಕಿಂತ ನನ್ನನ್ನು ಕಾಡುವುದು ಫಲಿತಾಂಶವನ್ನು ಓದುವ ರೀತಿ. ‘2040ರಲ್ಲೂ ರಕ್ಷಿತ ಪ್ರದೇಶ ಹಾಗೇ ಇರಲಿದೆ ಎಂದು ಅಧ್ಯಯನ ತೋರಿಸಿದೆ’ ಎಂದು ವರದಿಗಳು ಬರೆಯುತ್ತವೆ. ಅದು ಅಧ್ಯಯನ ಕಂಡುಕೊಂಡದ್ದಲ್ಲ, ನಾವೇ ಮೊದಲು ಹೇಳಿಕೊಟ್ಟದ್ದು. ನೆಲದ ಮೇಲೆ ಒತ್ತುವರಿಯಿದೆ, ಮೇವಿದೆ, ತಾಂಡಾಗಳ ಬದುಕಿದೆ. ಪದರ ಹಾಕಿ ಒಮ್ಮೆ, ತೆಗೆದು ಒಮ್ಮೆ ಮಾದರಿಯನ್ನು ಓಡಿಸಿ, ಎರಡರ ಅಂತರವನ್ನು ಪ್ರಕಟಿಸುವುದು ಪ್ರಾಮಾಣಿಕ ದಾರಿ. ಆಗ ಇನ್ನೊಂದು ಸಂಗತಿಯೂ ಕಣ್ಣಿಗೆ ಬೀಳುತ್ತದೆ. ಕ್ಲೂ-ಎಸ್‌ನಂಥ ಮಾದರಿಗಳಲ್ಲಿ ಊರು ಎಷ್ಟು ಬೆಳೆಯಬೇಕೆಂಬ ಒಟ್ಟು ಲೆಕ್ಕ ಮೊದಲೇ ನಿಗದಿಯಾಗಿರುತ್ತದೆ. ಒಂದು ಕಡೆ ತಪ್ಪಾಗಿ ಬೀಗ ಹಾಕಿದರೆ ಊರಿಗೆ ನಿಗದಿಯಾದ ಎಕರೆಗಳು ಕಡಿಮೆಯಾಗುವುದಿಲ್ಲ, ಪಕ್ಕದ ಕಪ್ಪುಮಣ್ಣಿನ ತೊಗರಿ ಹೊಲದ ಮೇಲೆ ಹೋಗಿ ಕೂರುತ್ತವೆ. ನಾಳೆ ಆ ನಕ್ಷೆಯನ್ನು ನೋಡಿಯೇ ಹೆದ್ದಾರಿ ಪಕ್ಕದ ಜಮೀನಿನ ಯೋಜನೆ ಬರೆಯುವವರಿಗೆ ಆ ಹೊಲ ಈಗಾಗಲೇ ಬಡಾವಣೆಯ ಬಣ್ಣದಲ್ಲಿ ಕಾಣುತ್ತದೆ.