ಹೋಗುತ್ತೇನೆಂದವನು ಹೋಗಲಿಲ್ಲ

ಜೆರುಸಲೇಮಿನ ಮಹಾದೇವಾಲಯದಲ್ಲಿ, ತಮ್ಮ ಯಾತನೆಗೆ ಇನ್ನು ಕೆಲವೇ ದಿನಗಳು ಉಳಿದಿರುವಾಗ, ಪ್ರಭು ಯೇಸು ಮುಖ್ಯಯಾಜಕರಿಗೂ ಪ್ರಜಾಪ್ರಮುಖರಿಗೂ ಒಂದು ಪುಟ್ಟ ಸಾಮತಿಯನ್ನು ಹೇಳಿದರು. ತಂದೆಯೊಬ್ಬನಿಗೆ ಇಬ್ಬರು ಗಂಡುಮಕ್ಕಳು. ದ್ರಾಕ್ಷಿತೋಟಕ್ಕೆ ಹೋಗಿ ದುಡಿಯುವಂತೆ ಇಬ್ಬರಿಗೂ ಹೇಳಿದ. ಒಬ್ಬನು ಮುಖಕ್ಕೆ ಹೊಡೆದಂತೆ ಒಲ್ಲೆನೆಂದನು. ಬಳಿಕ ಮನಸ್ಸು ಕರಗಿ ಹೋದನು. ಮತ್ತೊಬ್ಬನು ಬಹು ವಿನಯದಿಂದ ಒಪ್ಪಿಕೊಂಡನು, ಹೋಗಲಿಲ್ಲ. ಸಂತ ಮತ್ತಾಯರ ಶುಭಸಂದೇಶದ 21ನೆಯ ಅಧ್ಯಾಯದಲ್ಲಿ ಇಷ್ಟು ಮಾತ್ರವೇ ಇದೆ. ಇದನ್ನು ಬಲಿಪೂಜೆಯಲ್ಲಿ ಓದುವಾಗ ಪೀಠದಿಂದ ಸಭೆಯನ್ನು ನೋಡುವುದು ನನ್ನ ಅಭ್ಯಾಸ. ಎರಡನೆಯ ಮಗನ ಪ್ರಸ್ತಾಪ ಬಂದಾಗ ಕೆಲವರ ಕಣ್ಣು ಮೆಲ್ಲನೆ ಪಕ್ಕದ ಬೆಂಚಿನ ಕಡೆಗೆ ಹೊರಳುತ್ತದೆ.

ಈ ಸಾಮತಿಯ ಹಸ್ತಪ್ರತಿಗಳ ಕಥೆ ಸ್ವಾರಸ್ಯಕರವಾಗಿದೆ. ಕೆಲವು ಪ್ರಾಚೀನ ಗ್ರೀಕ್ ಪ್ರತಿಗಳಲ್ಲಿ ಒಲ್ಲೆನೆಂದವನು ಮೊದಲು ಬರುತ್ತಾನೆ. ಕೆಲವುಗಳಲ್ಲಿ ಒಪ್ಪಿಕೊಂಡವನು ಮೊದಲು. ಕೋಡೆಕ್ಸ್ ಬೇಜೆ ಎಂಬ ಪ್ರತಿಯಲ್ಲಂತೂ ತಂದೆಯ ಚಿತ್ತವನ್ನು ನೆರವೇರಿಸಿದವರು ಯಾರೆಂದು ಯೇಸು ಕೇಳಿದಾಗ ಪ್ರಮುಖರು ಎರಡನೆಯವನನ್ನೇ, ಅಂದರೆ ಒಪ್ಪಿಕೊಂಡು ಹೋಗದವನನ್ನೇ, ತೋರಿಸುತ್ತಾರೆ! ಸಂತ ಜೆರೋಮರಿಗೂ ಈ ಪಾಠದ ಪರಿಚಯವಿತ್ತು. ಪ್ರಮುಖರು ಬೇಕೆಂದೇ ವಕ್ರವಾಗಿ ಉತ್ತರಿಸಿದರೆಂದು ಅವರು ಅದನ್ನು ಅರ್ಥೈಸಿದರು. ನನಗೆ ಬೇರೊಂದು ಊಹೆ ಇದೆ. ಹಿರಿಯರ ಎದುರು ನಿಂತು ಆಗುವುದಿಲ್ಲ ಎನ್ನುವುದು ಮಹಾ ಅವಮರ್ಯಾದೆ ಎಂದು ಭಾವಿಸುವ ಸಮಾಜದಲ್ಲಿ ಮರ್ಯಾದೆಯ ಸುಳ್ಳು ಒರಟು ಸತ್ಯಕ್ಕಿಂತ ಮೇಲೆಂದು ಕಾಣುವುದು ಸಹಜವೇ. ನಮ್ಮ ಮನೆಗಳಲ್ಲಿಯೂ "ಆಗಲಿ ಅಪ್ಪಾ" ಎಂದು ಹೇಳಿ ಜಾರಿಕೊಳ್ಳುವ ಮಗನಿಗೆ ಒಳ್ಳೆಯ ಹುಡುಗನೆಂಬ ಹೆಸರು ಬಂದಿರುವುದುಂಟು.

ಕಪಟಿ ಎಂಬುದಕ್ಕೆ ಶುಭಸಂದೇಶದ ಗ್ರೀಕ್ ಮೂಲದಲ್ಲಿರುವ ಪದ 'ಹುಪೋಕ್ರಿತೇಸ್'. ಗ್ರೀಕರಲ್ಲಿ ಅದು ಬೈಗುಳವಾಗಿರಲಿಲ್ಲ. ಮುಖವಾಡ ಧರಿಸಿ ರಂಗದ ಮೇಲೆ ಪಾತ್ರ ವಹಿಸುವ ನಟನ ಹೆಸರಾಗಿತ್ತು. ನಜರೇತಿನಿಂದ ಸುಮಾರು 6 ಕಿಲೋಮೀಟರ್ ದೂರದ ಸೆಪ್ಫೋರಿಸ್ ಪಟ್ಟಣದಲ್ಲಿ ರಂಗಮಂದಿರವೊಂದರ ಅವಶೇಷಗಳು ದೊರೆತಿವೆ. ಯೇಸುವಿನ ಬಾಲ್ಯದಲ್ಲಿಯೇ ಅದು ಇತ್ತೇ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ನಮ್ಮ ಭಾಷೆಗಾದರೋ ಗ್ರೀಕರ ಸಾಲ ಬೇಕಾಗಿಲ್ಲ. ಪಂಚತಂತ್ರದ ಆಷಾಢಭೂತಿಯ ಹೆಸರು ಇಂದಿಗೂ ನಮ್ಮ ಬಾಯಲ್ಲಿ ಬಳಕೆಯಲ್ಲಿದೆ. ಕೊಕ್ಕರೆಯ ಧ್ಯಾನವೆಂದರೆ ಏನೆಂದು ಮಗುವಿಗೂ ಗೊತ್ತು. ನಡೆ ನುಡಿಗಳ ನಡುವಣ ಬಿರುಕನ್ನು ಹನ್ನೆರಡನೆಯ ಶತಮಾನದ ವಚನಕಾರರಷ್ಟು ನಿಷ್ಠುರವಾಗಿ ತೋರಿಸಿದವರು ವಿರಳ.

ಫರಿಸಾಯರ ವಿಷಯದಲ್ಲಿ ಒಂದು ಮಾತನ್ನು ಹೇಳಿಯೇ ಮುಂದುವರಿಯಬೇಕು. ಅವರೆಲ್ಲರೂ ವೇಷಧಾರಿಗಳೆಂದು ತಿಳಿಯುವುದು ಅನ್ಯಾಯ. ಧರ್ಮಶಾಸ್ತ್ರವನ್ನು ದಿನನಿತ್ಯದ ಬಾಳಿನಲ್ಲಿ ಪಾಲಿಸಬೇಕೆಂಬ ಹಂಬಲ ಅವರದಾಗಿತ್ತು. ರಾತ್ರಿಯಲ್ಲಿ ಯೇಸುವನ್ನು ಅರಸಿ ಬಂದ ನಿಕೊದೇಮ, ಪ್ರೇಷಿತರ ಪರವಾಗಿ ವಿವೇಕದ ಮಾತನ್ನಾಡಿದ ಗಮಲಿಯೇಲ, ಇಬ್ಬರೂ ಫರಿಸಾಯರು. ಸಂತ ಪೌಲರು ತಾವು ಫರಿಸಾಯರೆಂದು ಬರೆದುಕೊಂಡಿದ್ದಾರೆ. 2019ರ ಮೇ ತಿಂಗಳಲ್ಲಿ ರೋಮಿನಲ್ಲಿ ಫರಿಸಾಯರನ್ನು ಕುರಿತು ವಿದ್ವಾಂಸರ ಸಮ್ಮೇಳನ ನಡೆದಾಗ ಅಂದಿನ ಜಗದ್ಗುರು ಫ್ರಾನ್ಸಿಸರು ಈ ಹೆಸರು ಬೈಗುಳವಾಗಿಬಿಟ್ಟಿರುವುದರ ಬಗ್ಗೆ ಗಮನ ಸೆಳೆದರು. ಆದಿ ಕ್ರೈಸ್ತರೂ ಈ ದೋಷದಿಂದ ಹೊರತಾಗಿರಲಿಲ್ಲ. 'ದಿದಖೆ' ಎಂಬ ಪ್ರಾಚೀನ ಉಪದೇಶಗ್ರಂಥವು ಕಪಟಿಗಳಂತೆ ಉಪವಾಸ ಮಾಡಬೇಡಿರೆಂದು ಎಚ್ಚರಿಸುತ್ತದೆ. ಸರಿಯೇ, ಆದರೆ ಅದು ಸೂಚಿಸುವ ಪರಿಹಾರವೇನು? ಅವರು ಸೋಮವಾರ ಗುರುವಾರಗಳಲ್ಲಿ ಉಪವಾಸವಿರುತ್ತಾರೆ, ನೀವು ಬುಧವಾರ ಶುಕ್ರವಾರಗಳಲ್ಲಿ ಇರಿ! ಇದನ್ನು ಮೊದಲು ಓದಿದಾಗ ನಾನು ಗಟ್ಟಿಯಾಗಿ ನಕ್ಕಿದ್ದೆ. ವಾರ ಬದಲಾದರೆ ಕಪಟ ಕಳೆಯುತ್ತದೆಯೆ?

ಸಂತ ತೋಮಸ್ ಅಕ್ವಿನಾಸರು ಕಾಪಟ್ಯವನ್ನು ಸತ್ಯಕ್ಕೆ ವಿರುದ್ಧವಾದ ಪಾಪಗಳ ಸಾಲಿನಲ್ಲಿ ಇರಿಸುತ್ತಾರೆ. ಸುಳ್ಳನ್ನು ನಾಲಗೆಯಿಂದ ಮಾತ್ರವಲ್ಲ, ಹೊರಗಿನ ಕ್ರಿಯೆಗಳಿಂದಲೂ ಹೇಳಬಹುದು ಎಂಬುದು ಅವರ ತರ್ಕ. ಗುರುಮಠದಲ್ಲಿ ತತ್ವಶಾಸ್ತ್ರವನ್ನು ಓದುತ್ತಿದ್ದಾಗ ಈ ವಾದವನ್ನು ನಾನು ಚೊಕ್ಕವಾಗಿ ಒಪ್ಪಿಸಿ ಒಳ್ಳೆಯ ಅಂಕಗಳನ್ನು ಪಡೆದಿದ್ದೆ. ಅದರ ಅರ್ಥ ತಿಳಿದದ್ದು ಬಹುಕಾಲದ ಅನಂತರ. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಗುರುವಾದವನು ಯಾರಿಗೂ ಹೇಳುವಂತಿಲ್ಲ. ಆದ್ದರಿಂದ ದೃಷ್ಟಾಂತಕ್ಕೆ ನನ್ನದನ್ನೇ ಹೇಳುತ್ತೇನೆ.

ಗುರುದೀಕ್ಷೆಯಾಗಿ ಕೆಲವು ವರ್ಷಗಳಾಗಿದ್ದವು. ಬಯಲುಸೀಮೆಯ ಒಂದು ಚಿಕ್ಕ ಧರ್ಮಕೇಂದ್ರದ ಹೊಣೆ ನನ್ನದಾಗಿತ್ತು. ಕಲ್ಲುಕ್ವಾರಿಯಲ್ಲಿ ದುಡಿಯುತ್ತಿದ್ದ ಗಂಡಹೆಂಡಿರು ಒಂದು ಸಂಜೆ ಗುರುನಿವಾಸಕ್ಕೆ ಬಂದರು. ಇಬ್ಬರೂ ಕಥೋಲಿಕರೇ. ಹಿರಿಯರ ವಿರೋಧದಿಂದ ಊರು ಬಿಟ್ಟು ಬಂದು ಸಂಸಾರ ಹೂಡಿದ್ದರು, ದೇವಾಲಯದಲ್ಲಿ ಮದುವೆಯಾಗಿರಲಿಲ್ಲ. ಎಂಟು ವರ್ಷದ ಮಗಳಿದ್ದಳು. ಈಗ ವಿವಾಹ ಸಂಸ್ಕಾರವನ್ನು ಪಡೆಯಬೇಕೆಂಬ ಆಸೆ. ಆಕೆಯ ಜ್ಞಾನಸ್ನಾನದ ಪತ್ರ ಸಿದ್ಧವಾಗಿತ್ತು. ಆತನದು ದೂರದ ಜಿಲ್ಲೆಯ ಧರ್ಮಕೇಂದ್ರದಿಂದ ಬರಬೇಕು. ಆತನಿಗೆ ಓದುಬರಹ ತಿಳಿಯದು. ತಂದೆ ತಾಯಿಗಳ ಹೆಸರನ್ನೂ ದೇವಾಲಯದ ಹೆಸರನ್ನೂ ಯಾರಿಂದಲೋ ಒಂದು ಚೀಟಿಯಲ್ಲಿ ಬರೆಸಿ ತಂದಿದ್ದ. ಅಲ್ಲಿಯ ಗುರುಗಳಿಗೆ ನಾನು ಒಂದು ಪತ್ರ ಬರೆಯಬೇಕಾಗಿತ್ತು, ಅಷ್ಟೇ. "ಆಗಲಿ, ಈ ವಾರವೇ ಬರೆಯುತ್ತೇನೆ" ಎಂದೆ. ಚೀಟಿಯನ್ನು ಮೇಜಿನ ಖಾನೆಯಲ್ಲಿಟ್ಟೆ.

ಬರೆಯಲಿಲ್ಲ. ಕಾರಣವನ್ನು ಹುಡುಕಿದರೆ ಹಬ್ಬ, ಗೋಪುರದ ದುರಸ್ತಿ, ಶಾಲೆಯ ಲೆಕ್ಕಪತ್ರ ಎಂದೆಲ್ಲ ಹೇಳಬಹುದು. ಅವು ಯಾವುವೂ ಕಾರಣಗಳಲ್ಲ. ಮರೆತೆ.

ಆ ವರ್ಷದ ತಪಸ್ಸುಕಾಲದಲ್ಲಿ ನಾನು ವಿವಾಹ ಸಂಸ್ಕಾರವನ್ನು ಕುರಿತು ಉಗ್ರವಾಗಿ ಬೋಧಿಸಿದೆ. ಸಂಸ್ಕಾರವಿಲ್ಲದೆ ಕೂಡಿ ಬಾಳುವವರು ದೇವರ ಆಜ್ಞೆಯನ್ನು ತುಳಿಯುತ್ತಿದ್ದಾರೆಂದೂ ಅಂಥವರು ಪರಮಪ್ರಸಾದವನ್ನು ಸ್ವೀಕರಿಸಲಾಗದೆಂದೂ ಹೇಳಿದೆ. ಬೋಧನೆ ಚೆನ್ನಾಗಿತ್ತೆಂದು ಕೆಲವು ಹಿರಿಯರು ಮೆಚ್ಚಿದರು. ಆ ದಂಪತಿಗಳು ಎಂದಿನಂತೆ ಕೊನೆಯ ಬೆಂಚಿನಲ್ಲಿದ್ದರು. ಒಂದು ಹರದಾರಿ ನಡೆದು ಪ್ರತಿ ಭಾನುವಾರ ಬರುತ್ತಿದ್ದರು. ಪರಮಪ್ರಸಾದದ ಸಮಯದಲ್ಲಿ ತಲೆತಗ್ಗಿಸಿ ಕುಳಿತಿರುತ್ತಿದ್ದರು. ಪಾಸ್ಕ ಹಬ್ಬದ ಬಳಿಕ ಅವರ ಮಗಳು ಇತರ ಮಕ್ಕಳೊಡನೆ ಪ್ರಥಮ ಪರಮಪ್ರಸಾದವನ್ನು ಸ್ವೀಕರಿಸಿದಳು. ಮಿಕ್ಕ ಮಕ್ಕಳ ತಂದೆತಾಯಿಗಳು ಮಕ್ಕಳ ಬೆನ್ನಹಿಂದೆಯೇ ಸಾಲಿನಲ್ಲಿ ಬಂದರು. ಆ ಹುಡುಗಿಯ ಹಿಂದೆ ಯಾರೂ ಇರಲಿಲ್ಲ. ಮಕ್ಕಳಿಗೆ ತಂದೆತಾಯಿಗಳೇ ಮೊದಲ ಆದರ್ಶವೆಂದು ಅಂದು ಬೋಧಿಸಿದವನೂ ನಾನೇ.

ಮುಂದೆ ವರ್ಗಾವಣೆಯ ಆದೇಶ ಬಂತು. ಮೇಜಿನ ಖಾನೆಯನ್ನು ಖಾಲಿ ಮಾಡುವಾಗ ಆ ಚೀಟಿ ಸಿಕ್ಕಿತು. ಅವರು ಬಂದುಹೋಗಿ ಹದಿಮೂರು ತಿಂಗಳಾಗಿತ್ತು.

ಕನ್ನಡದಲ್ಲಿ ವಿಧೇಯನಾದ ಮಗನನ್ನು ಕುರಿತು ಮಾತು ಕೇಳುತ್ತಾನೆ ಎನ್ನುತ್ತೇವೆ. ವಿಧೇಯತೆಗೆ ಲತೀನಿನಲ್ಲಿರುವ ಪದವೂ ಆಲಿಸುವುದು ಎಂಬ ಅರ್ಥದ ಧಾತುವಿನಿಂದಲೇ ಹುಟ್ಟಿದೆ. ಹೀಬ್ರೂ ಭಾಷೆಯ 'ಶೆಮ' ಎಂಬ ಪದಕ್ಕೆ ಕೇಳು ಎಂಬ ಅರ್ಥವೂ ಉಂಟು, ಪಾಲಿಸು ಎಂಬ ಅರ್ಥವೂ ಉಂಟು. ನಾನು ಹೇಳಿದ ಮಾತನ್ನು ಆ ಇಬ್ಬರು ಕೇಳಿದ್ದರು. ಅದರ ಬೆಲೆಯನ್ನು ಭಾನುವಾರ ಭಾನುವಾರವೂ ತೆತ್ತಿದ್ದರು. ನಾನು ಹೇಳಿದ್ದನ್ನು ನಾನು ಕೇಳಿರಲಿಲ್ಲ. ಭಾರವಾದ ಹೊರೆಗಳನ್ನು ಜನರ ಹೆಗಲಿಗೇರಿಸಿ ಬೆರಳಿನಿಂದಲೂ ಮುಟ್ಟದವರ ಕುರಿತು ಮತ್ತಾಯರ 23ನೆಯ ಅಧ್ಯಾಯದಲ್ಲಿ ಯೇಸು ನುಡಿದದ್ದನ್ನು ಅಷ್ಟರಲ್ಲಿ ಎಷ್ಟು ಸಲ ವಿವರಿಸಿದ್ದೆನೋ! ಎಲ್ಲಕ್ಕಿಂತ ಭಯ ಹುಟ್ಟಿಸಿದ್ದು ಬೇರೆ: ಆ ತಿಂಗಳುಗಳಲ್ಲಿ ನನಗೆ ಎಲ್ಲಿಯೂ ಮನಸ್ಸು ಚುಚ್ಚಿರಲಿಲ್ಲ. ನಟನಿಗೆ ತಾನು ಮುಖವಾಡ ಧರಿಸಿರುವುದು ಗೊತ್ತಿರುತ್ತದೆ, ಆಟ ಮುಗಿದ ಮೇಲೆ ತೆಗೆದಿಡುತ್ತಾನೆ. ನನಗೆ ಅದೂ ಗೊತ್ತಿರಲಿಲ್ಲ.

ಅಂದೇ ರಾತ್ರಿ ಪತ್ರ ಬರೆದೆ. ಹದಿನೈದು ದಿನಗಳೊಳಗೆ ಉತ್ತರ ಬಂತು. ಪ್ರಕಟಣೆಗಳನ್ನು ಮುಗಿಸಿ, ನಾನು ಹೊರಡುವ ಮುಂಚೆಯೇ ಒಂದು ಬೆಳಿಗ್ಗೆ ಅವರ ವಿವಾಹವನ್ನು ಆಶೀರ್ವದಿಸಿದೆ. ಅದಕ್ಕೆ ಮೊದಲು ಅವರಿಬ್ಬರನ್ನೂ ಕೂರಿಸಿಕೊಂಡು ಚೀಟಿಯನ್ನು ಮೇಜಿನ ಮೇಲಿಟ್ಟು ನಡೆದದ್ದನ್ನು ಹೇಳಿ ಕ್ಷಮೆ ಕೇಳಿದೆ. ಆತ ಮಾತನಾಡಲಿಲ್ಲ. ಆಕೆ ಸ್ವಲ್ಪ ಹೊತ್ತು ಆ ಚೀಟಿಯನ್ನೇ ನೋಡುತ್ತಿದ್ದು, "ನಾವಾದರೂ ಒಂದು ಸಲ ಜ್ಞಾಪಿಸಬೇಕಾಗಿತ್ತು ಸ್ವಾಮಿ. ಕಾಗದ ಬರಲಿಲ್ಲವೇನೋ, ನಮ್ಮ ಪಾಪ ದೊಡ್ಡದೇನೋ ಅಂದುಕೊಂಡೆವು" ಎಂದಳು.