ನಾಲಿಗೆ ಮರೆಯುವ ಉಪ್ಪು

ಬ್ರೆಡ್ಡಿನೊಳಗಿನ ಕಾಲು ಪಾಲು ಉಪ್ಪು ಮಾಯವಾಯಿತು, ತಿಂದವರಿಗೆ ಗೊತ್ತೇ ಆಗಲಿಲ್ಲ! ಆಸ್ಟ್ರೇಲಿಯಾದ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಪ್ರಯೋಗವಿದು. ನೂರಕ್ಕೂ ಹೆಚ್ಚು ಮಂದಿ ಆರು ವಾರಗಳ ಕಾಲ ಅವರು ಕೊಟ್ಟ ಬ್ರೆಡ್ ತಿಂದರು. ಒಂದು ಗುಂಪಿನ ಬ್ರೆಡ್ಡಿನಲ್ಲಿ ಉಪ್ಪು ಮೊದಲಿನಷ್ಟೇ ಇತ್ತು. ಇನ್ನೊಂದು ಗುಂಪಿನದರಲ್ಲಿ ವಾರಕ್ಕೆ ಶೇ 5ರಂತೆ ಇಳಿಯುತ್ತಾ ಹೋಗಿ ಕೊನೆಗೆ ಶೇ 25ರಷ್ಟು ಕಡಿಮೆಯಾಯಿತು. ಆದರೂ ಉಪ್ಪು ಇಳಿದವರು ಇಳಿಯದವರಿಗಿಂತ ಹೆಚ್ಚಾಗಿ ‘ಏನೋ ಬದಲಾಗಿದೆ’ ಎನ್ನಲಿಲ್ಲ. ಮೆಟ್ಟಿಲು ಸಣ್ಣದಿದ್ದರೆ ನಾಲಿಗೆಗೆ ತಾನು ಇಳಿದದ್ದೇ ತಿಳಿಯುವುದಿಲ್ಲ!

ಇದನ್ನು ಓದಿದಾಗಿನಿಂದ ರುಚಿಯ ಬಗ್ಗೆ ನನಗಿದ್ದ ಕಲ್ಪನೆಯೇ ಬುಡಮೇಲಾಗಿದೆ. ಸಾರಿಗೆ ಎಷ್ಟು ಉಪ್ಪು ಬೇಕು ಎಂಬುದು ನಾವು ಹುಟ್ಟುವಾಗ ಹೊತ್ತು ತಂದ ಅಳತೆಯಲ್ಲ. ಅದು ಅಭ್ಯಾಸ, ಬರೀ ಅಭ್ಯಾಸ! ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮೊನೆಲ್ ಎಂಬ ಸಂಶೋಧನಾ ಕೇಂದ್ರವಿದೆ. ರುಚಿ ಮತ್ತು ವಾಸನೆಯ ಅಧ್ಯಯನವೇ ಅದರ ಕೆಲಸ. ಅಲ್ಲಿನ ವಿಜ್ಞಾನಿಗಳು 1982ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವರು ಐದು ತಿಂಗಳು ಕಡಿಮೆ ಸೋಡಿಯಂನ ಊಟ ಮಾಡಿದರು. ಕೊನೆಗೆ ಅವರಿಗೆ ಸೂಪಿನಲ್ಲಿ ಅತ್ಯಂತ ಹಿತವೆನಿಸುವ ಉಪ್ಪಿನ ಮಟ್ಟವೇ ಕೆಳಗಿಳಿದಿತ್ತು. ಸಪ್ಪೆಯನ್ನು ಹಲ್ಲು ಕಚ್ಚಿ ಸಹಿಸಿಕೊಂಡರು ಎಂದಲ್ಲ, ಅವರಿಗೆ ಬೇಕಾದದ್ದೇ ಅಷ್ಟು ಎಂದಾಯಿತು.

ಇನ್ನೂ ದೊಡ್ಡ ಬೆರಗು ಮುಂದಿದೆ. ಅದೇ ಕೇಂದ್ರದವರು 1986ರಲ್ಲಿ ಇದನ್ನು ತಿರುವಿ ನೋಡಿದರು. ಕೆಲವರ ಊಟಕ್ಕೆ ಹೆಚ್ಚುವರಿ ಉಪ್ಪು ಬೆರೆಸಿದರು, ಮತ್ತೆ ಕೆಲವರಿಗೆ ಉಪ್ಪನ್ನು ಮಾತ್ರೆಯಾಗಿ ನುಂಗಿಸಿದರು. ಊಟದಲ್ಲಿ ತಿಂದವರ ನಾಲಿಗೆ ಇನ್ನಷ್ಟು ಉಪ್ಪು ಕೇಳತೊಡಗಿತು. ಮಾತ್ರೆ ನುಂಗಿದವರದು ಕೇಳಲಿಲ್ಲ! ಅಂದರೆ ನಮ್ಮ ಚಟವನ್ನು ಬೆಳೆಸುವುದು ಹೊಟ್ಟೆಗೆ ಹೋದ ಉಪ್ಪಲ್ಲ, ನಾಲಿಗೆಯನ್ನು ಮುಟ್ಟಿ ಹೋದ ಉಪ್ಪು.

ಹಾಗಾದರೆ ದೇಹಕ್ಕೆ ನಿಜವಾಗಿ ಎಷ್ಟು ಬೇಕು? ಇದಕ್ಕೆ ಮೂತ್ರಪಿಂಡದ ಲೆಕ್ಕ ನೋಡಬೇಕು, ನೋಡಿದರೆ ಉಸಿರು ನಿಲ್ಲುತ್ತದೆ. ನಮ್ಮ ಎರಡು ಪುಟ್ಟ ಮೂತ್ರಪಿಂಡಗಳು ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ಅದರಲ್ಲಿ ಕರಗಿರುವ ಸೋಡಿಯಂ ಅನ್ನು ಅಡುಗೆ ಉಪ್ಪಿನ ಲೆಕ್ಕಕ್ಕೆ ತಂದರೆ ಹತ್ತಿರ ಹತ್ತಿರ ಒಂದೂವರೆ ಕಿಲೋ! ಪ್ರತಿದಿನ ಒಂದೂವರೆ ಕಿಲೋ ಉಪ್ಪನ್ನು ಹೊರಗೆ ಸೋಸಿ, ಶೇ 99ಕ್ಕೂ ಹೆಚ್ಚನ್ನು ಮರಳಿ ಒಳಗೆಳೆದುಕೊಳ್ಳುವ ಯಂತ್ರ ನಮ್ಮ ಬೆನ್ನಿನ ಕೆಳಭಾಗದಲ್ಲಿ ಸದ್ದಿಲ್ಲದೆ ದುಡಿಯುತ್ತಿದೆ. ಇದು ಉಪ್ಪಿನ ಬರಗಾಲಕ್ಕೆಂದೇ ಸಿದ್ಧವಾದ ದೇಹ.

ಆ ಬರಗಾಲದಲ್ಲೇ ಬದುಕಿದವರಿದ್ದಾರೆ. 1988ರಲ್ಲಿ ಪ್ರಕಟವಾದ ‘ಇಂಟರ್‌ಸಾಲ್ಟ್’ ಅಧ್ಯಯನ 32 ದೇಶಗಳ 52 ಕಡೆಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನರ ಮೂತ್ರ ಮತ್ತು ರಕ್ತದೊತ್ತಡ ಅಳೆಯಿತು. ಅವರಲ್ಲಿ ಅಮೆಜಾನ್ ಕಾಡಿನ ಯಾನೊಮಾಮಿ ಜನರೂ ಇದ್ದರು. ಅವರ ಅಡುಗೆಗೆ ಉಪ್ಪೇ ಇರಲಿಲ್ಲ. ಇಡೀ ದಿನದ ಮೂತ್ರದಲ್ಲಿ ಸೋಡಿಯಂ ಇದೆಯೋ ಇಲ್ಲವೋ ಎನ್ನುವಷ್ಟು ಅಲ್ಪ! ಸರಾಸರಿ ರಕ್ತದೊತ್ತಡ ಸುಮಾರು 96/61. ವಯಸ್ಸು ಏರಿದರೂ ಅವರಲ್ಲಿ ಒತ್ತಡ ಏರುತ್ತಿರಲಿಲ್ಲ. ವಯಸ್ಸಾದ ಮೇಲೆ ಬೀಪಿ ಇದ್ದದ್ದೇ ಎಂದು ನಮ್ಮ ಊರೂರಲ್ಲೂ ಹೇಳುತ್ತಾರಲ್ಲ, ಆ ಮಾತು ಮನುಷ್ಯಕುಲದ ನಿಯಮವಲ್ಲ! ಯಾನೊಮಾಮಿಗಳ ಬದುಕು ಉಪ್ಪಿನಲ್ಲಿ ಮಾತ್ರವಲ್ಲ, ಇನ್ನೂ ಹತ್ತು ವಿಷಯಗಳಲ್ಲಿ ನಮ್ಮಿಂದ ಬೇರೆ, ಒಪ್ಪಿದೆ. ಆದರೂ ಉಪ್ಪಿನ ಡಬ್ಬಿಯೇ ಇಲ್ಲದೆ ಮನುಷ್ಯರು ತಲೆತಲಾಂತರದಿಂದ ಬಾಳಿದ್ದಾರೆ ಎಂಬ ಸತ್ಯ ಕಣ್ಣೆದುರಿಗಿದೆ.

ನಾವೋ? ದಿನಕ್ಕೆ 5 ಗ್ರಾಂ ಉಪ್ಪಿನೊಳಗೆ ಇರಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದು ಟೀ ಚಮಚಕ್ಕೂ ತುಸು ಕಡಿಮೆ, ಸೋಡಿಯಂ ಲೆಕ್ಕದಲ್ಲಿ 2 ಗ್ರಾಂ. ಭಾರತದ ರಾಷ್ಟ್ರೀಯ ಸಮೀಕ್ಷೆಯೊಂದು 2023ರಲ್ಲಿ ಕೊಟ್ಟ ಸರಾಸರಿ ಸುಮಾರು 8 ಗ್ರಾಂ.

ಆದರೆ ನಮ್ಮ ಅಡುಗೆಮನೆಯಲ್ಲಿ ಒಂದು ಭಾಗ್ಯವಿದೆ, ಅದನ್ನು ಕಂಡಾಗ ನನಗೆ ಕುಣಿಯುವಂತಾಯಿತು. ಯುರೋಪಿನವರ ಮುಖ್ಯ ಆಹಾರವಾದ ಬ್ರೆಡ್ಡಿನಲ್ಲೇ ಉಪ್ಪು ಅಡಗಿ ಕುಳಿತಿದೆ, ಅದನ್ನು ಇಳಿಸಲು ಬೇಕರಿಯವನೇ ಮನಸ್ಸು ಮಾಡಬೇಕು. ನಮ್ಮಲ್ಲಿ? ಅನ್ನಕ್ಕೆ ಉಪ್ಪು ಹಾಕುವುದಿಲ್ಲ. ಎಷ್ಟೋ ಮನೆಗಳಲ್ಲಿ ರಾಗಿಮುದ್ದೆಗೆ ಇಲ್ಲ, ಜೋಳದ ರೊಟ್ಟಿಗೆ ಇಲ್ಲ! ತಟ್ಟೆಯ ಅರ್ಧ ಭಾಗ ಈಗಾಗಲೇ ಸಪ್ಪೆ. ನಮ್ಮ ಉಪ್ಪೆಲ್ಲ ಸಾರು, ಪಲ್ಯ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕಗಳಲ್ಲಿದೆ, ಅದರಲ್ಲಿ ಹೆಚ್ಚಿನದು ನಮ್ಮದೇ ಕೈಯಿಂದ ಬಿದ್ದದ್ದು. ಆ ಕೈ ತುಸು ಹಿಡಿತಕ್ಕೆ ಬಂದರೆ ಸಾಕು. ಮೇಲಾಗಿ ಹುಳಿ ಇದ್ದಲ್ಲಿ ಉಪ್ಪು ಕಡಿಮೆ ಸಾಲುತ್ತದೆ. ಮಲೆನಾಡಿನ ತಂಬುಳಿ, ಅಪ್ಪೆಹುಳಿ, ಕರಾವಳಿಯ ಪುನರ್ಪುಳಿ ಸಾರು, ಕೊನೆಯಲ್ಲಿ ಹಿಂಡಿದ ನಿಂಬೆ ಎಲ್ಲವೂ ಈ ಕೆಲಸಕ್ಕೆಂದೇ ಕಾದಿವೆ. ಸೈಂಧವ ಲವಣ, ಗುಲಾಬಿ ಉಪ್ಪು ಎಂದು ದುಬಾರಿ ಬೆಲೆ ತೆತ್ತು ನೆಮ್ಮದಿಪಡಬೇಡಿ. ಅವುಗಳಲ್ಲೂ ಸೋಡಿಯಂ ಹೆಚ್ಚುಕಡಿಮೆ ಅಷ್ಟೇ. ಅಡುಗೆ ಸೋಡಾ, ಹಪ್ಪಳಖಾರಗಳೂ ಸೋಡಿಯಂನ ಲವಣಗಳೇ.

ಇಷ್ಟರಿಂದ ಜೀವ ಉಳಿಯುತ್ತದೆಯೇ? ಉತ್ತರ ಇರುವುದು ಚೀನಾದ ಹಳ್ಳಿಗಳಲ್ಲಿ. 600 ಹಳ್ಳಿಗಳು, ಸುಮಾರು 21,000 ಜನ, ಐದು ವರ್ಷದ ಆಸುಪಾಸು. ಎಲ್ಲರೂ ಪಾರ್ಶ್ವವಾಯು ಹೊಡೆದಿದ್ದವರು ಅಥವಾ ಅಧಿಕ ರಕ್ತದೊತ್ತಡವಿದ್ದ ಹಿರಿಯರು. ಅರ್ಧ ಹಳ್ಳಿಗಳವರು ಎಂದಿನ ಉಪ್ಪನ್ನೇ ಬಳಸಿದರು. ಉಳಿದವರಿಗೆ ಕೊಟ್ಟದ್ದು ಮುಕ್ಕಾಲು ಪಾಲು ಸಾಮಾನ್ಯ ಉಪ್ಪು, ಕಾಲು ಪಾಲು ಪೊಟ್ಯಾಸಿಯಂ ಕ್ಲೋರೈಡ್ ಬೆರೆತ ಪುಡಿ. ಅಷ್ಟೇ ಬದಲಾವಣೆ! 2021ರಲ್ಲಿ ಫಲಿತಾಂಶ ಬಂತು: ಪಾರ್ಶ್ವವಾಯು ಶೇ 14ರಷ್ಟು ಕಡಿಮೆ, ಸಾವು ಶೇ 12ರಷ್ಟು ಕಡಿಮೆ. ಡಬ್ಬಿಯೊಳಗಿನ ಬಿಳಿ ಪುಡಿ ಬದಲಾಗಿದ್ದಕ್ಕೆ ಮನುಷ್ಯರು ಬದುಕಿ ಉಳಿದರು. ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ: ಮೂತ್ರಪಿಂಡದ ತೊಂದರೆ ಇರುವವರಿಗೆ, ಪೊಟ್ಯಾಸಿಯಂ ಏರಿಸುವ ಕೆಲವು ಬೀಪಿ ಮಾತ್ರೆ ನುಂಗುವವರಿಗೆ ಈ ಉಪ್ಪು ಅಪಾಯ ತರಬಹುದು. ಅವರು ವೈದ್ಯರನ್ನು ಕೇಳದೆ ಮುಟ್ಟಕೂಡದು.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಅಲುಗಾಡಿಸಿದ್ದು ಅದೇ ಚೀನಾದ ಚಾಂಗ್‌ಜಿ ನಗರದ ಮಕ್ಕಳು. ಅಲ್ಲಿ ನಡೆದ ಇನ್ನೊಂದು ಉಪ್ಪಿನ ಪ್ರಯೋಗದಲ್ಲಿ 28 ಪ್ರಾಥಮಿಕ ಶಾಲೆಗಳಿದ್ದವು. ಅರ್ಧ ಶಾಲೆಗಳಲ್ಲಿ ಐದನೇ ತರಗತಿಯ ಮಕ್ಕಳಿಗೆ ಉಪ್ಪಿನ ಪಾಠ ಮಾಡಿ, ಕಲಿತದ್ದನ್ನು ಮನೆಯವರಿಗೆ ಹೇಳಿ ಎಂದು ಕಳಿಸಿದರು. ಮಕ್ಕಳು ಹೇಳಿದರು. ಔಷಧವಿಲ್ಲ, ದಂಡವಿಲ್ಲ, ಬರೀ ಮಗುವಿನ ಮಾತು! ಒಂದು ಶಾಲಾ ಅವಧಿ ಮುಗಿಯುವ ಹೊತ್ತಿಗೆ ಆ ಮನೆಗಳ ದೊಡ್ಡವರು ದಿನಕ್ಕೆ ತಿನ್ನುವ ಉಪ್ಪು, ಪಾಠವಿಲ್ಲದ ಶಾಲೆಗಳ ಮನೆಯವರಿಗೆ ಹೋಲಿಸಿದರೆ, ಸುಮಾರು 2.9 ಗ್ರಾಂ ಇಳಿದಿತ್ತು. 2015ರಲ್ಲಿ ಪ್ರಕಟವಾದ ಈ ಅಂಕಿಯನ್ನು ನಮ್ಮ 8 ಗ್ರಾಂ ಪಕ್ಕದಲ್ಲಿಟ್ಟು ನೋಡಿ. ಅಷ್ಟು ಇಳಿದರೆ ನಾವು 5 ಗ್ರಾಂನ ಹೊಸ್ತಿಲಲ್ಲಿರುತ್ತೇವೆ.

ಇದನ್ನು ಓದುತ್ತಿರುವ ಮೇಷ್ಟ್ರುಗಳೇ, ಟೀಚರುಗಳೇ, ನಿಮ್ಮ ಐದನೇ ತರಗತಿಗೆ ಈ ವರ್ಷ ಒಂದು ಉಪ್ಪಿನ ಪಾಠ ಮಾಡಿ. ಮನೆಗೆ ಹೋಗಿ ಅಮ್ಮನಿಗೆ, ಅಪ್ಪನಿಗೆ, ಅಜ್ಜಿಗೆ ಹೇಳಲು ಮಕ್ಕಳನ್ನು ಕಳಿಸಿ.